25 ಮಿಲಿಗ್ರಾಂನಿಂದ ಶುರುವಾದ ಮಾತ್ರೆ

ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್ ಇರುವ ಎಷ್ಟೋ ಜನ ಇವತ್ತು ದಿನಾ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಕಣ್ಣಿನ ಸುತ್ತ ಊತ, ರಾತ್ರಿ ಕಾಲು ಹಿಡಿದುಕೊಳ್ಳುವುದು, ಸುಸ್ತು ಇದ್ದದ್ದೇ. ‘ನೋಡೋಕೆ ಚೆನ್ನಾಗೇ ಇದೀರಲ್ಲ’ ಅನ್ನುತ್ತಾರೆ ನೆಂಟರು. ರಿಪೋರ್ಟ್ ಬರುವ ಹೊತ್ತಿಗೆ ನಿದ್ದೆ ಹಾರಿಹೋಗುವುದು ಅವರಿಗೇನು ಗೊತ್ತು?

ಈ ಕಾಯಿಲೆಯ ಸುಳಿವು ಸಿಕ್ಕಿದ್ದು 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ರೋಗಿಗಳ ರಕ್ತಕಣಗಳಲ್ಲಿ ಒಂದು ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಗಿಡ್ಡವಾಗಿತ್ತು. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿವೆ ಎಂದು 1973ರಲ್ಲಿ ವಿಜ್ಞಾನಿ ಜಾನೆಟ್ ರೌಲಿ ತೋರಿಸಿದರು. ಹಾಗೆ ಎರಡು ಜೀನ್‌ಗಳು ಅಂಟಿಕೊಂಡು ಒಂದು ಕೆಟ್ಟ ಕಿಣ್ವ ತಯಾರಾಗುತ್ತದೆ. ಅದು ಬಿಳಿ ರಕ್ತಕಣಗಳನ್ನು ಸುಮ್ನೆ ಹೆಚ್ಚಿಸುತ್ತಲೇ ಹೋಗುತ್ತದೆ. ಇಮ್ಯಾಟಿನಿಬ್ ಮಾತ್ರೆ ಬೀಗದೊಳಗೆ ಮುರಿದು ಕೂತ ಕಡ್ಡಿಯ ಹಾಗೆ ಆ ಕಿಣ್ವದಲ್ಲಿ ಸಿಕ್ಕಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ.

ಮಾತ್ರೆಯ ಪ್ರಯೋಗ ಶುರುವಾಗಿದ್ದು 1998ರಲ್ಲಿ. ಮುಂದೆ ನಿಂತವರು ಅಮೆರಿಕದ ಆರೆಗಾನ್ ರಾಜ್ಯದ ಡಾ. ಬ್ರಯಾನ್ ಡ್ರೂಕರ್. ಮೊದಲ ಹಂತದಲ್ಲಿ ಕೇಳುವುದು, ಎಷ್ಟು ಕೊಟ್ಟರೆ ಅಪಾಯವಿಲ್ಲ ಅಂತ. ಹಾಗಾಗಿ ಮೊದಲು ಸೇರಿದವರಿಗೆ ದಿನಕ್ಕೆ ಬರೀ 25 ಮಿಲಿಗ್ರಾಂ. ಈಗ ಸಾಮಾನ್ಯವಾಗಿ ಕೊಡುವುದು 400. ಆ ಮೊದಲಿಗರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗಂತೂ ಅವರೇ ದೊಡ್ಡವರು. ಪ್ರಮಾಣ ಏರಿಸುತ್ತಾ 300 ಮುಟ್ಟಿದ ಮೇಲೆ, 54 ಜನರಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಹೋಯಿತು! 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

‘ನಮ್ಮನ್ನ ಇಲಿ ಮಾಡ್ಕೋತಾರೆ’ ಎಂಬ ಭಯ ನಮ್ಮಲ್ಲಿ ಇದ್ದೇ ಇದೆ, ಅಲ್ವಾ? ಮುಂದಿನ ದೊಡ್ಡ ಪ್ರಯೋಗದಲ್ಲಿ ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧಕ್ಕೆ ಆಗ ಚಾಲ್ತಿಯಲ್ಲಿದ್ದ ಚಿಕಿತ್ಸೆ. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಯಾರಿಗೂ ಕೊಡಲಿಲ್ಲ. ಹಳೆಯದು ಒಗ್ಗದವರು ಹೊಸದಕ್ಕೆ ಬದಲಾಗಬಹುದಿತ್ತು. ಭಾರತದಲ್ಲೂ ಪ್ರಯೋಗ ಶುರುವಾಗುವ ಮುಂಚೆ ಸಿಟಿಆರ್‌ಐ ಎಂಬ, ದೇಶದ ಚಿಕಿತ್ಸಾ ಪ್ರಯೋಗಗಳ ಪಟ್ಟಿಯಲ್ಲಿ ನೋಂದಣಿ ಆಗಲೇಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು.

ಎಲ್ಲ ರಕ್ತ ಕ್ಯಾನ್ಸರ್‌ಗೂ ಇಂಥ ಅದೃಷ್ಟ ಇಲ್ಲ. ಇಲ್ಲಿ ಬೇರು ಒಂದೇ, ಬೇರೆ ಕಡೆ ಹಲವು. ಎಷ್ಟೋ ಪ್ರಯೋಗಗಳು ಏನೂ ಕೊಡದೆ ಮುಗಿಯುತ್ತವೆ.

ಈಗಿನ ಪ್ರಶ್ನೆ, ಮಾತ್ರೆ ಬಿಡಬಹುದಾ ಅನ್ನುವುದು. 2010ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಪ್ರಯೋಗದಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಯಲ್ಲಿ ಕಾಯಿಲೆಯ ಗುರುತೇ ಸಿಗದವರು ಮಾತ್ರೆ ನಿಲ್ಲಿಸಿದರು. ವರ್ಷದ ನಂತರವೂ ಸುಮಾರು ಶೇಕಡ 40ರಷ್ಟು ಜನರಲ್ಲಿ ಅದು ಮರಳಲಿಲ್ಲ. ಮರಳಿದವರಿಗೆ ಅದೇ ಮಾತ್ರೆ ಮತ್ತೆ ಕೆಲಸ ಮಾಡಿತು. ಅವರ ರಕ್ತವನ್ನು ಪದೇಪದೇ ಪರೀಕ್ಷಿಸುತ್ತಿದ್ದರು ಅನ್ನುವುದನ್ನು ಮರೆಯಬೇಡಿ. ಡಾಕ್ಟರನ್ನು ಕೇಳದೆ ಮನೆಯಲ್ಲೇ ಮಾತ್ರೆ ಬಿಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ.