ಕಾಯಿಸುವ ಕೆಲಸ

ಮಂಗಳವಾರ ಬೆಳಗಿನ ಐದೂವರೆಗೆ ನಮ್ಮ ಮನೆಯಲ್ಲಿ ಇಬ್ಬರು ಎದ್ದಿರುತ್ತೇವೆ. ಎಪಿಸೋಡಿನ ಸಂಭಾಷಣೆಯನ್ನು ಹತ್ತು ಗಂಟೆಯೊಳಗೆ ಕಳುಹಿಸಬೇಕಾದ ನಾನು ಒಬ್ಬ. ಡಬ್ಲ್ಯುಡಬ್ಲ್ಯುಇ ಕಂಪನಿಯ ಕುಸ್ತಿ ಶೋ, ಅಮೆರಿಕದ ಸೋಮವಾರ ರಾತ್ರಿಯ ‘ರಾ’ವನ್ನು ನೆಟ್‌ಫ್ಲಿಕ್ಸ್‌ನಲ್ಲಿ ನೇರವಾಗಿ ನೋಡುವ ನನ್ನ ಅಕ್ಕನ ಮಗ ಇನ್ನೊಬ್ಬ. ಒಮ್ಮೆ, “ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟ ಕುಸ್ತಿಗೆ ನಿದ್ದೆ ಕೆಡಿಸಿಕೊಳ್ಳುತ್ತೀಯಲ್ಲೋ” ಎಂದೆ. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನಿಮ್ಮ ಧಾರಾವಾಹಿಯಲ್ಲಿ ಮದುವೆ ನಿಂತುಹೋಗುತ್ತದೆ ಎಂದು ಅಜ್ಜಿಗೆ ಒಂದು ವಾರ ಮೊದಲೇ ಗೊತ್ತಿರುತ್ತದೆ ಮಾವ. ಅವರು ನೋಡುವುದನ್ನು ಬಿಟ್ಟಿದ್ದಾರೆಯೇ?”

ಧಾರಾವಾಹಿ ಬರೆದು ಅನ್ನ ತಿನ್ನುವವನಿಗೆ ಇದಕ್ಕಿಂತ ಸರಿಯಾದ ಏಟು ಬೀಳಲಾರದು. ಅಂದಿನಿಂದ ಅವನ ಪಕ್ಕ ಕುಳಿತು, ಹಳೆಯ ಎಪಿಸೋಡುಗಳನ್ನೂ ಹುಡುಕಿಸಿ, ಕಸುಬುದಾರನ ಕಣ್ಣಿನಿಂದ ಈ ಶೋಗಳನ್ನು ನೋಡುತ್ತಿದ್ದೇನೆ.

ಇದು ಆಟವಲ್ಲ, ಮನರಂಜನೆ ಎಂಬುದು ಗುಟ್ಟೇನೂ ಅಲ್ಲ. ಕ್ರೀಡಾ ಆಯೋಗದ ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳಲು ಕಂಪನಿಯವರೇ 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಅದನ್ನು ಒಪ್ಪಿಕೊಂಡಿದ್ದಾರೆ. ಜನ ಹೋದರೇ? ಇಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ಗೊತ್ತಿದ್ದೂ ಬೆಳಗಿನ ತನಕ ಯಕ್ಷಗಾನ ನೋಡುವ ನಮಗೆ ಇದು ವಿಚಿತ್ರವೆನಿಸಬಾರದು.

ಫಲಿತಾಂಶ ಬಿಟ್ಟುಕೊಟ್ಟರೆ ಪ್ರೇಕ್ಷಕ ಹೋಗಿಬಿಡುತ್ತಾನೆ ಎಂಬ ಭಯ ನಮ್ಮ ಉದ್ಯಮದಲ್ಲೂ ಇದೆ. ಆ ಭಯಕ್ಕೆ ಉತ್ತರ 1999ರ ಜನವರಿ 4ರ ರಾತ್ರಿ ಸಿಕ್ಕಿತು. ಆಗ ಸೋಮವಾರಗಳಂದು ‘ರಾ’ಕ್ಕೆ ಎದುರಾಗಿ ಡಬ್ಲ್ಯುಸಿಡಬ್ಲ್ಯು ಕಂಪನಿಯ ‘ನೈಟ್ರೋ’ ಬರುತ್ತಿತ್ತು. ಹಿಂದೊಮ್ಮೆ ಸತತ 83 ವಾರ ವೀಕ್ಷಕರ ಲೆಕ್ಕದಲ್ಲಿ ಮುಂದಿದ್ದ ಶೋ ಅದು. ಆ ವಾರದ ‘ರಾ’ ಮೊದಲೇ ಚಿತ್ರೀಕರಣವಾಗಿತ್ತು, ‘ನೈಟ್ರೋ’ ನೇರಪ್ರಸಾರ. ಎದುರಾಳಿಯನ್ನು ಕೆಡಿಸಲೆಂದು ‘ನೈಟ್ರೋ’ದ ವೀಕ್ಷಕ ವಿವರಣೆಕಾರನ ಬಾಯಲ್ಲಿ, ಆ ಕಡೆ ಮಿಕ್ ಫೋಲಿ ಚಾಂಪಿಯನ್ ಆಗಲಿದ್ದಾನೆ ಎಂದು ಹೇಳಿಸಿ, ಲೇವಡಿಯನ್ನೂ ಮಾಡಿಸಿದರು. ಕೇಳಿದ ಲಕ್ಷಾಂತರ ಜನ ಚಾನೆಲ್ ಬದಲಿಸಿ ‘ರಾ’ಕ್ಕೆ ಹೋದರು! ಮೈಯೆಲ್ಲ ಜಜ್ಜಿಸಿಕೊಂಡು ವರ್ಷಗಟ್ಟಲೆ ಬೆಲ್ಟಿಗಾಗಿ ಕಾದ ಫೋಲಿ, ಕೊನೆಗೂ ಅದನ್ನು ಎತ್ತಿ ಹಿಡಿಯುವಾಗ ತಾವೂ ಹಾಜರಿರಬೇಕು ಎನಿಸಿರಬೇಕು. ಅದೇ ರಾತ್ರಿ ‘ನೈಟ್ರೋ’ದ ಮುಖ್ಯ ಪಂದ್ಯದಲ್ಲಿ ಹಲ್ಕ್ ಹೋಗನ್ ಬೆರಳಿನಿಂದ ಎದೆಗೆ ತಿವಿದದ್ದಕ್ಕೆ ಕೆವಿನ್ ನ್ಯಾಶ್ ಅಂಗಾತ ಬಿದ್ದು, ಬೇಕೆಂದೇ ಸೋತ. ಅದನ್ನು ಯಾರೂ ಊಹಿಸಿರಲಿಲ್ಲ, ನಿಜ. ಇಂದಿಗೂ ಆ ದೃಶ್ಯವನ್ನು ಮೋಸದ ಉದಾಹರಣೆಯಾಗಿ ನೆನೆಯುತ್ತಾರೆ.

ಕನ್ನಡದ ‘ಕಾಯಿಸು’ ಎಂಬ ಮಾತಿನಲ್ಲಿ ಹಾಲೂ ಇದೆ, ಬಾಗಿಲಲ್ಲಿ ನಿಂತ ಮನುಷ್ಯನೂ ಇದ್ದಾನೆ. ಖಳನ ಮೇಲೆ ಜನರಿಗೆ ಏರುವ ಸಿಟ್ಟನ್ನು ರಿಂಗಿನವರು ‘ಹೀಟ್’ ಎಂದೇ ಕರೆಯುತ್ತಾರೆ. ಸಾಧಾರಣ ಟ್ಯಾಗ್ ಟೀಮ್ ಪಂದ್ಯವೊಂದನ್ನು ಗಮನಿಸಿ. ಒಳ್ಳೆಯ ಜೋಡಿಯಲ್ಲಿ ಒಬ್ಬ ಹೊಡೆತ ತಿನ್ನುತ್ತಿರುತ್ತಾನೆ. ತೆವಳಿಕೊಂಡು ಮೂಲೆಗೆ ಬರುತ್ತಾನೆ. ಹೊರಗೆ ನಿಂತ ಜೊತೆಗಾರ ಹಗ್ಗದ ಮೇಲಿನಿಂದ ಕೈ ಚಾಚಿರುತ್ತಾನೆ; ಕೈಗೆ ಕೈ ತಾಗಿದರಷ್ಟೇ ಅವನು ಒಳಗೆ ಬರಬಹುದು. ನಡುವೆ ಗೇಣಷ್ಟೇ ಉಳಿದಾಗ ಖಳ ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಾನೆ. ಜಾಹೀರಾತು ಬರುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಮರಳಿ ಬಂದಾಗ ಕೈಗೆ ಕೈ ತಾಗಿಯೇ ಬಿಡುತ್ತದೆ, ಆದರೆ ರೆಫರಿ ಅತ್ತ ತಿರುಗಿರುತ್ತಾನೆ, ಒಪ್ಪುವುದಿಲ್ಲ. ಆಮೇಲೆ ನಿಜವಾಗಿ ತಾಗಿದಾಗ ಇಡೀ ಸಭಾಂಗಣ ಎದ್ದು ನಿಲ್ಲುತ್ತದೆ. ಇಪ್ಪತ್ತು ವರ್ಷ ಇದನ್ನೇ ನೋಡಿದವರೂ ಎದ್ದು ನಿಲ್ಲುತ್ತಾರೆ, ನಾನೂ ಸೋಫಾದ ತುದಿಗೆ ಬಂದಿದ್ದೆ.

ಕಾಯಿಸುವುದೆಂದರೆ ಸುಮ್ಮನೆ ಎಳೆಯುವುದಲ್ಲ. ಎಳೆಯುವುದು ನನಗೂ ಗೊತ್ತು. ವಾಹಿನಿಯೊಂದರ ಒತ್ತಾಯಕ್ಕೆ ಒಂದು ಡಿಎನ್ಎ ವರದಿಯ ಲಕೋಟೆಯನ್ನು ನಾಲ್ಕು ತಿಂಗಳು ಬೀರುವಿನಲ್ಲಿಟ್ಟ ಪಾಪ ನನ್ನದು. ತೆರೆಯುವ ಹೊತ್ತಿಗೆ ನೋಡುವವರೇ ಇರಲಿಲ್ಲ. 2012ರಲ್ಲಿ ಮೂರು ಗಂಟೆಗೆ ಹಿಗ್ಗಿದ ‘ರಾ’ದಲ್ಲೂ ಅಂಥ ಲಕೋಟೆಗಳು ಬೇಕಾದಷ್ಟಿದ್ದವು: ಅದೇ ಇಬ್ಬರು, ಅದೇ ಪಂದ್ಯ, ಮತ್ತೆ ಮುಂದಿನ ವಾರ.

ಉರಿ ಎಷ್ಟಿರಬೇಕೆಂಬುದು ಜನರ ಕೂಗಿನಿಂದ ತಿಳಿಯಬೇಕು. ನಮಗೆ ಟಿಆರ್‌ಪಿ ಒಂದು ವಾರ ತಡವಾಗಿ ಬರುತ್ತದೆ; ಅವರಿಗೆ ಅದೇ ಕ್ಷಣ ಕಿವಿಗೆ ಬೀಳುತ್ತದೆ. ಬಿದ್ದರೂ ಕೇಳಿಸಿಕೊಳ್ಳದಿದ್ದರೆ? 2014ರ ಜನವರಿಯಲ್ಲಿ, ಮೂವತ್ತು ಜನ ಒಬ್ಬೊಬ್ಬರಾಗಿ ರಿಂಗಿಗೆ ಇಳಿಯುವ ರಾಯಲ್ ರಂಬಲ್ ಪಂದ್ಯದಲ್ಲಿ ಪ್ರೇಕ್ಷಕರು ಡೇನಿಯಲ್ ಬ್ರಯಾನ್‌ಗಾಗಿ ಕಾದಿದ್ದರು. ಮೂವತ್ತನೆಯವನಾಗಿ, ಕೊನೆಯವನಾಗಿ ಬಂದದ್ದು ರೇ ಮಿಸ್ಟೀರಿಯೋ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಬೇಕಾದ ಆ ಪುಟ್ಟ ಮುಸುಕುಧಾರಿಗೆ, ಅವನು ಬ್ರಯಾನ್ ಅಲ್ಲ ಎಂಬ ಒಂದೇ ತಪ್ಪಿಗೆ, ಊರೆಲ್ಲ ಸೇರಿ ಛೀಮಾರಿ ಹಾಕಿತು. ಕಂಪನಿ ಬಗ್ಗಿತು. ಏಪ್ರಿಲ್ 6ರಂದು, ಕಂಪನಿಯ ವರ್ಷದ ದೊಡ್ಡ ಕೂಟವಾದ ರೆಸಲ್‌ಮೇನಿಯಾದಲ್ಲಿ ಬ್ರಯಾನ್ ಒಂದೇ ರಾತ್ರಿ ಎರಡು ಪಂದ್ಯ ಗೆದ್ದು ಚಾಂಪಿಯನ್ ಆದ.

ಹದ ಕಂಡದ್ದು ಅದೇ ಕಂಪನಿಯ ಶುಕ್ರವಾರದ ಶೋ ‘ಸ್ಮ್ಯಾಕ್‌ಡೌನ್’ನಲ್ಲಿ, 2022ರ ‘ಬ್ಲಡ್‌ಲೈನ್’ ಕಥೆಯಲ್ಲಿ. ನಮಗೆ ಚಿರಪರಿಚಿತವಾದ ಕೂಡುಕುಟುಂಬದ ಕಥೆ ಅದು: ಯಜಮಾನ ರೋಮನ್ ರೇನ್ಸ್, ಅವನ ದಾಯಾದಿಗಳಾದ ಅವಳಿಗಳು ಜಿಮ್ಮಿ ಮತ್ತು ಜೇ, ಮಧ್ಯೆ ಹೇಗಾದರೂ ಆ ಮನೆಯವನಾಗಬೇಕೆಂದು ಹಲ್ಲು ಗಿಂಜುತ್ತ ಸೇರಿಕೊಂಡ ಹೊರಗಿನವನು ಸಾಮಿ ಝೇನ್. ಜೇಗೆ ಅವನನ್ನು ಕಂಡರೆ ಆಗದು. ಸೆಪ್ಟೆಂಬರಿನ ಒಂದು ಶುಕ್ರವಾರ ರೋಮನ್, ಸಾಮಿ ತೊಟ್ಟಿದ್ದ ಬ್ಲಡ್‌ಲೈನ್ ಅಂಗಿಯನ್ನು ರಿಂಗಿನಲ್ಲೇ ಬಿಚ್ಚಿಸುತ್ತಾನೆ. ಸಾಮಿಯ ಮುಖ ಬಾಡುತ್ತದೆ. ಮರುಕ್ಷಣ ರೋಮನ್ ಅವನಿಗೆಂದೇ ಮಾಡಿಸಿದ ಹೊಸ ಅಂಗಿ ಕೊಡುತ್ತಾನೆ. ನಡೆದದ್ದು ಅಷ್ಟೇ, ಹೊಡೆತ ಒಂದೂ ಇಲ್ಲ. ಆದರೆ ಇವನನ್ನು ಒಂದು ದಿನ ಹೊರಹಾಕುತ್ತಾರೆ ಎಂದು ಬಲ್ಲ ಪ್ರೇಕ್ಷಕ, ಇವತ್ತು ಬೇಡ ಎಂದು ಬೇಡಿಕೊಳ್ಳಲು ಶುರುಮಾಡಿದ್ದು ಆ ಅಂಗಿಯಿಂದ. ನವೆಂಬರಿನಲ್ಲಿ ಸಾಮಿ ತನ್ನ ಹಳೆಯ ಗೆಳೆಯ ಕೆವಿನ್ ಓವೆನ್ಸ್‌ಗೆ ದ್ರೋಹ ಬಗೆದಾಗ ಜೇ ಕೂಡ ಅವನನ್ನು ಅಪ್ಪಿಕೊಂಡ.

2023ರ ಜನವರಿ 28. ಓವೆನ್ಸ್‌ನ ಕೈಗಳನ್ನು ಹಗ್ಗಕ್ಕೆ ಬೇಡಿ ಹಾಕಿ ಬಿಗಿದಿದ್ದಾರೆ. ರೋಮನ್ ಕುರ್ಚಿಯೊಂದನ್ನು ಸಾಮಿಯ ಕೈಗಿಟ್ಟು, ಹೊಡೆ ಎನ್ನುತ್ತಾನೆ. ಸಾಮಿ ಕುರ್ಚಿ ಎತ್ತಿ ರೋಮನ್‌ನ ಬೆನ್ನಿಗೇ ಹೊಡೆಯುತ್ತಾನೆ. ತಿಂಗಳುಗಟ್ಟಲೆ ಕಾದ ಹಾಲು ಉಕ್ಕಿತು. ನಾನಾಗಿದ್ದರೆ ದೃಶ್ಯವನ್ನು ಅಲ್ಲಿಗೆ ಕತ್ತರಿಸುತ್ತಿದ್ದೆ. ಅವರು ಕತ್ತರಿಸಲಿಲ್ಲ. ಉಳಿದವರೆಲ್ಲ ಸಾಮಿಯ ಮೇಲೆ ಬಿದ್ದಾಗ ಜೇ ಒಬ್ಬ ಕೈಯೆತ್ತಲಿಲ್ಲ. ಹಗ್ಗ ದಾಟಿ, ಹಿಂದೆ ತಿರುಗಿ ನೋಡದೆ ಹೊರಟುಹೋದ. ಹಳೆಯ ಪಾತ್ರೆ ಇಳಿಸುವ ಮೊದಲೇ ಹೊಸದನ್ನು ಒಲೆಗೆ ಇಟ್ಟಿದ್ದರು! ಆ ಪಾತ್ರೆ ಉಕ್ಕಿದ್ದು ಜೂನ್ 16ಕ್ಕೆ: ರೋಮನ್‌ನ ದವಡೆಗೆ ಜೇಯ ಒದೆ.

ಎಪಿಸೋಡು ಮುಗಿದ ಮೇಲೆ, “ಅಂತೂ ಆಯಿತಲ್ಲ” ಎಂದೆ. ಅಕ್ಕನ ಮಗ ಶಾಲೆಯ ಚೀಲಕ್ಕೆ ಪುಸ್ತಕ ತುಂಬುತ್ತಿದ್ದವನು ತಲೆಯೆತ್ತಿದ.

“ಜಿಮ್ಮಿ ಇನ್ನೂ ಇದ್ದಾನಲ್ಲ ಮಾವ.”