ಪ್ಯಾಕಾರ್ಡ್ ಮುಳುಗಿದ್ದು ಕಡಿಮೆ ರೇಟಿನ ಕಾರಿಂದಾನಾ?

ಹಳೇ ಅಮೆರಿಕನ್ ಕಾರುಗಳ ಮಾತು ಬಂದಾಗೆಲ್ಲ ಇದೇ ಜಗಳ. ಪ್ಯಾಕಾರ್ಡ್ ಹಾಳಾಗಿದ್ದು ಅಗ್ಗದ ಕಾರು ಮಾಡಕ್ಕೆ ಹೋಗಿ ಅಂತ ಒಬ್ರು, ಅದೇ ಕಂಪನಿನ ಉಳಿಸಿದ್ದು ಅಂತ ಇನ್ನೊಬ್ರು. ಎರಡೂ ಕಡೆಯವರು ಬೇರೆ ಬೇರೆ ಕಾಲದ ವಿಷಯಗಳನ್ನ ಕಲಸಿಬಿಡ್ತಾರೆ.

1899ರಲ್ಲಿ ಒಹಾಯೋದ ವಾರೆನ್‌ನಲ್ಲಿ ಶುರುವಾದ ಕಂಪನಿ 1903ಕ್ಕೆ ಡೆಟ್ರಾಯ್ಟ್‌ಗೆ ಬಂತು, 20ರ ದಶಕದಲ್ಲಿ ಸಾಹುಕಾರರ ಕಾರು ಅಂದ್ರೆ ಪ್ಯಾಕಾರ್ಡ್ ಅನ್ನೋ ಹಾಗಾಯ್ತು, 1929ರಲ್ಲಿ ಷೇರುಪೇಟೆ ಬಿತ್ತು, ಕೊಳ್ಳೋರೇ ಇಲ್ಲ. 1932ರಲ್ಲಿ 1,750 ಡಾಲರಿಗೆ ಲೈಟ್ ಎಯ್ಟ್ ಅನ್ನೋ ಕಡಿಮೆ ರೇಟಿನ ಮಾಡೆಲ್ ಬಿಟ್ರು. ರೇಟು ಇಳೀತು, ಆದ್ರೆ ಕಟ್ಟೋ ಖರ್ಚು ಇಳೀಲಿಲ್ಲ, ಒಂದೇ ವರ್ಷಕ್ಕೆ ನಿಲ್ತು.

ಅಸಲಿ ಕಥೆ ಇಲ್ಲಿಂದ. ಜನರಲ್ ಮೋಟರ್ಸ್‌ನಲ್ಲಿ ಪಳಗಿದ್ದ ಜಾರ್ಜ್ ಕ್ರಿಸ್ಟೋಫರ್ ಅವರನ್ನ ಕರೆಸಿ, ದೊಡ್ಡ ಸಂಖ್ಯೇಲಿ ಕಾರು ಮಾಡೋಕೆ ಅಂತಾನೇ ಹೊಸ ಲೈನ್ ಹಾಕಿಸಿದ್ರು. 1935ರ ಜನವರಿಯಲ್ಲಿ ಬಂದ ಒನ್-ಟ್ವೆಂಟಿ ಶುರುವಾಗ್ತಿದ್ದಿದ್ದೇ 980 ಡಾಲರಿಂದ. ಮುಂದಿನ-ಹಿಂದಿನ ಚಕ್ರಗಳ ಮಧ್ಯೆ 120 ಇಂಚಿನ ವೀಲ್‌ಬೇಸ್, 110 ಹಾರ್ಸ್‌ಪವರ್‌ನ ಎಂಟು ಸಿಲಿಂಡರ್ ಇಂಜಿನ್, ಹೈಡ್ರಾಲಿಕ್ ಬ್ರೇಕು, ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಒಂದು ಚಕ್ರ ಗುಂಡಿಗೆ ಬಿದ್ರೆ ಇನ್ನೊಂದು ಅಲ್ಲಾಡದ ಹಾಗೆ). ಈ ಕೊನೇ ಎರಡು, ಎರಡರಷ್ಟಕ್ಕಿಂತ ಜಾಸ್ತಿ ರೇಟಿನ ದೊಡ್ಡ ಪ್ಯಾಕಾರ್ಡ್‌ಗಳಿಗೆ ಸಿಕ್ಕಿದ್ದು 1937ರಲ್ಲಿ! ಇದನ್ನ ಕಳಪೆ ಕಾರು ಅನ್ನೋರು ದಯವಿಟ್ಟು ಇದೊಂದನ್ನ ಗಮನಿಸಬೇಕು. ನೋಡೋಕೂ ಅಷ್ಟೇ, ಮುಂದೆ ಎರಡೂ ಬದಿ ಭುಜದ ಥರ ಬಾಗಿರೋ ಅದೇ ರೇಡಿಯೇಟರ್, ಹಬ್‌ಕ್ಯಾಪ್ ಮಧ್ಯ ಅದೇ ಕೆಂಪು ಷಟ್ಕೋನ, ಬೀದೀಲಿ ಹೋಗೋರಿಗೆ ಪ್ಯಾಕಾರ್ಡ್ ಅಂತ ಥಟ್ಟನೆ ಗೊತ್ತಾಗ್ತಿತ್ತು. ಮೊದಲ ವರ್ಷ ಸುಮಾರು 25,000, ಮರುವರ್ಷ ಸುಮಾರು 55,000 ಕಾರು. ಪಿಯರ್ಸ್-ಆರೋ ಥರದ ದುಬಾರಿ ಕಾರಿನ ಕಂಪನಿ 1938ಕ್ಕೆ ಬಾಗಿಲು ಹಾಕ್ತು, ಪ್ಯಾಕಾರ್ಡ್ ಹಾಕಲಿಲ್ಲ.

ಹಾಗಾದ್ರೆ ತಕರಾರು ಏನು? ಹೆಸರು. ಜನರಲ್ ಮೋಟರ್ಸ್‌ನ ದುಬಾರಿ ಬ್ರ್ಯಾಂಡ್ ಕ್ಯಾಡಿಲಾಕ್‌ನವರು ಕೆಳಗಿನ ರೇಟಿನ ಕಾರನ್ನ ಲಾಸಾಲ್ ಅಂತ ಬೇರೆ ಹೆಸರಲ್ಲೇ ಮಾರ್ತಿದ್ರು, 1940ರಲ್ಲಿ ಅದನ್ನ ನಿಲ್ಲಿಸಿದಾಗ ಕ್ಯಾಡಿಲಾಕ್ ಮರ್ಯಾದೆ ಹಾಗೇ ಇತ್ತು. ಇಲ್ಲಿ ಎಲ್ಲದಕ್ಕೂ ಪ್ಯಾಕಾರ್ಡ್ ಅಂತಾನೇ ಇಟ್ರು, 1937ರಲ್ಲಿ 800 ಡಾಲರಿಗೂ ಕೆಳಗಿನ ಆರು ಸಿಲಿಂಡರ್ ಕಾರಿಗೂ ಅದೇ. ನನಗೆ ಅತಿಯಾಯ್ತು ಅನ್ಸೋದು ಅಲ್ಲಿ, ಒನ್-ಟ್ವೆಂಟಿಯಲ್ಲಿ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯಾವ ಕಾರು ಬಿಟ್ರೂ ಖರ್ಚಾಗ್ತಿದ್ದ ಕಾಲದಲ್ಲಿ ಮತ್ತೆ ಮೇಲಿನ ದರ್ಜೆಗೆ ಒತ್ತು ಕೊಡಬಹುದಿತ್ತು, ಕೊಡಲಿಲ್ಲ, ಆ ಜಾಗಾನ ಕ್ಯಾಡಿಲಾಕ್ ತಗೊಂತು. 1954ರಲ್ಲಿ ಸ್ಟುಡಿಬೇಕರ್ ಜೊತೆ ಸೇರಿದ್ರು, 1956ಕ್ಕೆ ಡೆಟ್ರಾಯ್ಟ್‌ನಲ್ಲಿ ತಯಾರಿ ನಿಲ್ತು, 1958ಕ್ಕೆ ಹೆಸರೂ ಹೋಯ್ತು. ಒನ್-ಟ್ವೆಂಟಿ ಅಷ್ಟೊತ್ತಿಗೆ ನಿಂತು 17 ವರ್ಷ ಆಗಿತ್ತು.