ಪೇಂಟ್ ಆಮೇಲೆ, ಮೊದಲು ಜೀಪಿನ ಅಡಿಗೆ ನುಗ್ಗಿ
ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಇಳಿದು ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂತೆಂದರೆ ನನ್ನ ಶೆಡ್ಡಿಗೆ ಹಳೇ ಜೀಪುಗಳು ಬರಲು ಶುರು. ಜಾಸ್ತಿ ಮಹೀಂದ್ರಾದ ಎಂಎಂ 540. ಎಲ್ಲರದೂ ಒಂದೇ ಮಾತು: "ಅಣ್ಣ, ಎಂಜಿನ್ ಚಿನ್ನ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ತದೆ. ರೆಡಿ ಮಾಡಿಸ್ಲಾ, ಮಾರ್ಲಾ?"

ಎಂಜಿನ್ ವಿಷಯ ಬಿಡಿ. ಆ ಪ್ಯೂಜೊ ಡೀಸೆಲ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಕೂಡ. ನೋಡಬೇಕಾದ್ದು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟು. ಎಷ್ಟು ಸಲ ಹೇಳಿದರೂ ಇದೊಂದು ಯಾರ ತಲೆಗೂ ಹೋಗುವುದಿಲ್ಲ. ನಮ್ಮ ಜೀಪುಗಳು ಬರೀ ಮಳೆಯಲ್ಲಿ ನೆನೆದವಲ್ಲ, ತೋಟಕ್ಕೆ ಗೊಬ್ಬರ ಹೊತ್ತವು. ಪೊಟ್ಯಾಷ್ ಅಂದರೆ ಒಂಥರಾ ಉಪ್ಪೇ ಅಲ್ವಾ? ಚೀಲದಿಂದ ಸೋರಿದ್ದು ಕೆಸರಿನ ಜೊತೆ ಚಾಸಿಯ ಸಂದಿಯಲ್ಲಿ ಕೂತು ವರ್ಷಗಟ್ಟಲೆ ಕಬ್ಬಿಣ ತಿನ್ನುತ್ತದೆ.

ಸಣ್ಣ ಸುತ್ತಿಗೆ ಹಿಡಿದು ಅಡಿಗೆ ನುಗ್ಗಿ. ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ), ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ಹಿಡಿಯುವ ಶ್ಯಾಕಲ್ ಕೊಂಡಿ ಕೂರುವ ಜಾಗ, ಬಾಡಿ ಬೋಲ್ಟಿನ ಸುತ್ತ ಬಡಿದು ನೋಡಿ. ಠಣ್ ಅಂದರೆ ಸರಿ. ದಪ್ ಅಂದು ತುಕ್ಕಿನ ಹೊಟ್ಟು ಮುಖಕ್ಕೆ ಉದುರಿದರೆ ಪೇಂಟಿನ ಮಾತು ನಿಲ್ಲಿಸಿ. ಅಡಿಯಲ್ಲಿ ಹೊಸ ಕಪ್ಪು ಕೋಟಿಂಗ್ ಮಿಂಚುತ್ತಿದ್ದರೆ, ತುಕ್ಕು ಮುಚ್ಚಿದ್ದಾರಾ ಅಂತ ನನಗೆ ಅನುಮಾನವೇ ಜಾಸ್ತಿ.

ಚಾಸಿ ನಂಬರ್ ಇರುವುದೂ ಆ ಕಬ್ಬಿಣದ ಮೇಲೆಯೇ. ಸ್ವಂತ ಗಾಡಿಗೆ 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಆಗ ಆರ್‌ಟಿಒ ಇನ್ಸ್‌ಪೆಕ್ಟರ್ ಟಾರ್ಚ್ ಹಾಕಿ ನೋಡುವುದು ಆ ನಂಬರನ್ನು, ನಿಮ್ಮ ಪೇಂಟನ್ನಲ್ಲ.

ಹೋದ ವರ್ಷ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ಅಜ್ಜನ ಜೀಪ್ ತಂದ. ಹಸಿರು ಪೇಂಟ್, ಹೊಸ ಸೀಟು, ದಪ್ಪ ಟೈರ್. ಒಂದೂವರೆ ಲಕ್ಷ ಆಗಲೇ ಖರ್ಚಾಗಿತ್ತು. ಅಡಿಗೆ ನುಗ್ಗಿದರೆ ಪ್ಯಾಚ್ ಮೇಲೆ ಪ್ಯಾಚ್ ವೆಲ್ಡಿಂಗ್. ನಂಬರ್ ಇರಬೇಕಾದ ಜಾಗ ಹಪ್ಪಳದ ಹಾಗೆ ನುಣ್ಣಗೆ. "ತುಕ್ಕು ಅಂತ ಗ್ರೈಂಡರ್ ಹಿಡ್ದಿದ್ದಾರೆ ಅಣ್ಣ" ಅಂದ. ಆರ್‌ಸಿ ಬೇರೆ ಮುಗಿದಿತ್ತು, ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. ಬೈಯಲು ಬಾಯಿ ಬರಲಿಲ್ಲ, ಟೀ ತರಿಸಿದೆ.

"ವಿಂಟೇಜ್ ಗಾಡಿ ಅಂತ ರಿಜಿಸ್ಟರ್ ಮಾಡಿಸಿದ್ರೆ?" ಅಂದ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಆಮೇಲೂ ದಿನಾ ಓಡಿಸುವಂತಿಲ್ಲ. 80ರ ದಶಕದ ಜೀಪಿಗೆ ಎಲ್ಲಿಯ ವಿಂಟೇಜ್!

ಚಾಸಿ ಗಟ್ಟಿ, ನಂಬರ್ ಸ್ಪಷ್ಟ, ಆರ್‌ಸಿ ಸರಿ ಇದ್ದರೆ ಧೈರ್ಯವಾಗಿ ರೆಡಿ ಮಾಡಿಸಿ. ಚಾಸಿ ಒಂದೆರಡು ಕಡೆ ಮಾತ್ರ ಹೋಗಿದ್ದರೆ ಲೆಕ್ಕ ಹಾಕಬೇಕು, ನೋಡದೆ ನಾನು ಹೇಳಲಾರೆ. ನಂಬರೇ ಇಲ್ಲದಿದ್ದರೆ ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಮಾರುವುದಾದರೆ ಕೊಳ್ಳುವವರಿಗೆ ಮುಚ್ಚಿಡಬೇಡಿ. ಗುಜರಿಗೆ ಹಾಕಿದರೆ ಆರ್‌ಸಿ ರದ್ದು ಮಾಡಿಸಿ, ಇಲ್ಲದಿದ್ದರೆ ಗಾಡಿ ಹೋದರೂ ಹೆಸರು ನಿಮ್ಮದೇ.

ಆ ಹುಡುಗನಿಗೆ ಬಿಟ್ಟುಬಿಡು ಅಂದೆ. ಒಪ್ಪಲಿಲ್ಲ. ಜೀಪ್ ಈಗಲೂ ನನ್ನ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗಿದೆ. ಭಾನುವಾರ ಬಂದು ಸ್ಟಾರ್ಟ್ ಮಾಡಿ ಹೋಗುತ್ತಾನೆ. ಒಂದೇ ಸೆಲ್ಫ್‌ಗೆ ಆಗ್ತದೆ, ಸುಳ್ಳು ಹೇಳಬಾರದು.